ಕಲ್ಕತ್ತೆಯ ಕಾಲವೂ ಅಧಿಕ ಸೆಕೆಂಡೂ

ಕೋಲ್ಕತ್ತದಲ್ಲಿ ನೆಲೆಸಿದ ಕನ್ನಡಿಗನೂ ಬೆಂಗಳೂರಿನಲ್ಲಿರುವ ಅವನ ಬಂಧುವೂ ಏಕಕಾಲಕ್ಕೆ ಗಡಿಯಾರವನ್ನು ನೋಡಿದರೆ ಇಬ್ಬರಿಗೂ ಕಾಣುವುದು ಒಂದೇ ವೇಳೆ. ಸೂರ್ಯನಾದರೋ ಈ ಒಪ್ಪಂದವನ್ನು ಅರಿಯನು. ಕೋಲ್ಕತ್ತದ ಮಧ್ಯಾಹ್ನರೇಖೆಯನ್ನು ಅವನು ಸುಮಾರು ೪೩ ನಿಮಿಷ ಮೊದಲೇ ದಾಟುತ್ತಾನೆ. ವ್ಯವಹಾರಕಾಲವು ಜನರು ಕೂಡಿ ಒಪ್ಪಿದ ಒಂದು ಕಟ್ಟಳೆ.

ಈ ಕಟ್ಟಳೆ ಸುಲಭವಾಗಿ ನೆಲೆಗೊಳ್ಳಲಿಲ್ಲ. ಭಾರತದ ಶಿಷ್ಟಕಾಲವು ೧೯೦೬ರ ಜನವರಿ ೧ರಂದು ಜಾರಿಗೆ ಬಂದರೂ, ಅದಕ್ಕಿಂತ ಸುಮಾರು ೨೪ ನಿಮಿಷ ಮುಂದಿದ್ದ ತನ್ನ ಸ್ವಂತ ಕಾಲವನ್ನು ಕಲ್ಕತ್ತೆಯು ೧೯೪೦ರ ದಶಕದ ಕೊನೆಯ ಭಾಗದವರೆಗೂ ಬಿಡಲಿಲ್ಲ. ವಿಚಿತ್ರವೆಂದರೆ, ಗಣಕಯಂತ್ರಗಳು ಆಶ್ರಯಿಸುವ ಕಾಲವಲಯಗಳ ಕೋಶದಲ್ಲಿ ಇಂದು ಇಡೀ ಭಾರತದ ಕಾಲಕ್ಕೆ ‘ಏಷ್ಯಾ/ಕೋಲ್ಕತಾ’ ಎಂದೇ ಹೆಸರು. ನಗರದ ಹೆಸರು ೨೦೦೧ರಲ್ಲಿ ಬದಲಾದ ತರುವಾಯ ಕೋಶವೂ ಬದಲಾಯಿತು. ಆದರೆ ಹಳೆಯ ‘ಕ್ಯಾಲ್ಕಟ್ಟಾ’ವನ್ನು ನಂಬಿದ ಯಂತ್ರಗಳು ದಾರಿತಪ್ಪದಂತೆ ಅದನ್ನೂ ಉಳಿಸಲಾಗಿದೆ.

ಚಾಂದ್ರಮಾನ ಸೌರಮಾನಗಳ ಅಂತರವನ್ನು ನಮ್ಮ ಪಂಚಾಂಗಕಾರರು ಅಧಿಕಮಾಸದಿಂದ ತುಂಬುವರು. ಅಂತೆಯೇ ಪರಮಾಣು ಗಡಿಯಾರದ ಸಮಗತಿಗೂ ಭೂಮಿಯ ವಿಷಮ ಭ್ರಮಣಕ್ಕೂ ನಡುವಣ ಅಂತರವನ್ನು ತುಂಬಲು ೧೯೭೨ರಲ್ಲಿ ‘ಅಧಿಕ ಸೆಕೆಂಡು’ ಬಳಕೆಗೆ ಬಂದಿತು. ೨೦೧೬ರ ಅಂತ್ಯದವರೆಗೆ ಇಂತಹವು ೨೭ ಸೇರಿದುವು. ಅಧಿಕಮಾಸವನ್ನು ಬಹುಕಾಲ ಮುಂಚೆಯೇ ಗಣಿಸಬಹುದು. ಅಧಿಕ ಸೆಕೆಂಡನ್ನಾದರೋ ಭೂಭ್ರಮಣವನ್ನು ಅಳೆದು ಸುಮಾರು ಆರು ತಿಂಗಳ ಮುಂಚೆಯಷ್ಟೆ ಸಾರಲು ಸಾಧ್ಯ.

ಗಣಕಯಂತ್ರದ ತೊಡಕು ಇಲ್ಲಿಯೇ. ಅದರ ರೂಢಿಯ ಗಣನೆಯಲ್ಲಿ ದಿನಕ್ಕೆ ೮೬,೪೦೦ ಸೆಕೆಂಡುಗಳು ಮಾತ್ರ. ಹೆಚ್ಚಿನದಕ್ಕೆ ಅಂಕಿಯೇ ಇಲ್ಲ. ಆದುದರಿಂದ ಯಂತ್ರವು ಒಂದೇ ಸೆಕೆಂಡನ್ನು ಎರಡು ಸಾರಿ ಎಣಿಸುವುದುಂಟು. ಆಗ ತರುವಾಯದ ಘಟನೆ ಮೊದಲಿನದಾಗಿ ತೋರಬಹುದು. ಹಣದ ವ್ಯವಹಾರದಲ್ಲಿ ಇದು ಸಣ್ಣ ಮಾತಲ್ಲ. ಅಧಿಕ ಸೆಕೆಂಡು ಭಾರತದಲ್ಲಿ ಬೀಳುವುದು ಬೆಳಗಿನ ೫-೩೦ಕ್ಕೆ ತುಸು ಮುಂಚೆ. ೨೦೧೨ರ ಜುಲೈ ೧ರ ಆ ಮುಂಜಾವಿನಲ್ಲಿ ಲಿನಕ್ಸ್ ವ್ಯವಸ್ಥೆಯ ದೋಷವೊಂದರಿಂದ ಜಗತ್ತಿನ ಅನೇಕ ಯಂತ್ರಗಳು ಸ್ತಬ್ಧವಾದುವು. ಆಸ್ಟ್ರೇಲಿಯದಲ್ಲಿ ವಿಮಾನಗಳು ತಡೆದುವು.

ಇದಕ್ಕೆ ಪರಿಹಾರವಾಗಿ ಗೂಗಲ್ ಸಂಸ್ಥೆಯು ಆ ಸೆಕೆಂಡನ್ನು ೨೪ ಗಂಟೆಗಳಿಗೆ ಹಂಚುವ ಉಪಾಯವನ್ನು ಕೈಗೊಂಡಿತು. ಆದರೆ ಹಂಚುವ ಯಂತ್ರಕ್ಕೂ ಹಂಚದ ಯಂತ್ರಕ್ಕೂ ನಡುವೆ ಅರ್ಧ ಸೆಕೆಂಡಿನವರೆಗೆ ಭೇದ ಉಂಟಾಗುವುದು. ಹಳೆಯ ಕಲ್ಕತ್ತೆಯ ಎರಡು ಗಡಿಯಾರಗಳ ಕಥೆಯೇ ಮತ್ತೆ!

ಅಳತೆ ತೂಕಗಳ ಅಂತರರಾಷ್ಟ್ರೀಯ ಮಹಾಸಭೆಯು ಈ ಅಂತರದ ಮಿತಿಯನ್ನು ೨೦೩೫ರೊಳಗೆ ಹಿಗ್ಗಿಸಬೇಕೆಂದು ೨೦೨೨ರಲ್ಲಿ ನಿರ್ಧರಿಸಿತು. ಸೂರ್ಯನೊಡನೆ ೨೪ ನಿಮಿಷಗಳ ಭೇದವನ್ನೇ ಸಹಿಸಿಕೊಂಡ ನಗರಕ್ಕೆ ಇನ್ನು ಕೆಲವು ಸೆಕೆಂಡುಗಳು ಭಾರವಾಗವು. ಒಂದೇ ಕ್ಷಣಕ್ಕೆ ಎರಡು ಲೆಕ್ಕವಿರುವುದನ್ನು ಮಾತ್ರ ವ್ಯವಹಾರವು ಸಹಿಸದು.