ಕಣ್ಣಾರೆ ಕಂಡರೆ ರೈತ ನಂಬುತ್ತಾನೆ

ಒಂದೆಕರೆ ಜಮೀನಿನ ತರಕಾರಿ ಬೆಳೆಗಾರ ಹೊಸ ವಿಧಾನಕ್ಕೆ ಬೇಗ ಒಗ್ಗುವುದಿಲ್ಲ. ಪ್ರಯೋಗ ಕೈಕೊಟ್ಟರೆ ಬೆಳೆ ಹೋಗುತ್ತದೆ, ಸಾಲ ಉಳಿಯುತ್ತದೆ. ಭಾಷಣಕ್ಕಿಂತ ಕಣ್ಣೆದುರು ಬೆಳೆದು ನಿಂತ ಗಿಡವನ್ನೇ ಅವನು ನಂಬುವುದು.

ಉತ್ತರ ಬೆಂಗಳೂರಿಗೆ ಈ ಪಾಠ ಹಳೆಯದು. ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾದದ್ದು 1913ರಲ್ಲಿ. 1964ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾನಿಲಯಕ್ಕೆ ಅಮೆರಿಕದ ಟೆನೆಸಿ ವಿಶ್ವವಿದ್ಯಾನಿಲಯ ನೆರವಾಯಿತು. ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕೆಂಬುದು ಅಲ್ಲಿಂದ ಬಂದ ಮಾದರಿ. 1967ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಯಲಹಂಕದಾಚೆಯ ಹೆಸರಘಟ್ಟದಲ್ಲಿದೆ.

ಟೊಮೆಟೊ ಬೆಳೆಯನ್ನೇ ನೋಡಿ. ಎಲೆ ಮುದುಡು ರೋಗದ ವೈರಸ್ಸನ್ನು ಹರಡುವುದು ಬಿಳಿನೊಣ. ಎಳೆಯ ಸಸಿಗೇ ಸೋಂಕು ತಗುಲಿದರೆ ಗಿಡ ಕುಳ್ಳಾಗುತ್ತದೆ, ಕಾಯಿ ಕಟ್ಟುವುದೇ ಅಪರೂಪ. ತಗುಲಿದ ಮೇಲೆ ಔಷಧಿಯಿಲ್ಲ. ಆದ್ದರಿಂದ ಬಯಲಿನ ಒಟ್ಲು ಬಿಟ್ಟು, ಸಣ್ಣ ಕಣ್ಣಿನ ನೈಲಾನ್ ಪರದೆಯೊಳಗೆ, ತೆಂಗಿನ ನಾರಿನ ಪುಡಿ ತುಂಬಿದ ಗುಳಿತಟ್ಟೆಗಳಲ್ಲಿ ಸುಮಾರು 25 ದಿನ ಸಸಿ ಬೆಳೆಸುವುದು ಜಾಣತನ. ನಾಟಿಯ ವೇಳೆ ಬೇರೂ ಹರಿಯುವುದಿಲ್ಲ. ಹೆಸರಘಟ್ಟದ 'ಅರ್ಕಾ ರಕ್ಷಕ್' ತಳಿ ಈ ರೋಗವಲ್ಲದೆ ದುಂಡಾಣು ಸೊರಗು ರೋಗ ಮತ್ತು ಅಂಗಮಾರಿಯನ್ನೂ ತಡೆದುಕೊಳ್ಳುತ್ತದೆ.

ಪ್ರಾತ್ಯಕ್ಷಿಕೆಯ ಜೀವಾಳ ಹೋಲಿಕೆ. ಅದೇ ಮಣ್ಣು, ಅದೇ ನೀರು, ಅದೇ ದಿನದ ನಾಟಿ; ಪಕ್ಕಪಕ್ಕದ ಪಾತಿಗಳಲ್ಲಿ ಬದಲಾದದ್ದು ಒಂದೇ ಅಂಶವಾಗಿರಬೇಕು. ಇಳುವರಿಯ ಜತೆ ಖರ್ಚನ್ನೂ ಬರೆದಿಡಬೇಕು. ಹೆಚ್ಚು ಬುಟ್ಟಿ ತುಂಬಿದರೂ ಪರದೆ, ತಟ್ಟೆಗಳ ವೆಚ್ಚ ಕಳೆದು ಉಳಿಯುವುದೆಷ್ಟು ಎಂಬುದೇ ರೈತನ ಪ್ರಶ್ನೆ.

ಉತ್ತರ ಸಿಕ್ಕಿದರೆ ನೆರೆಹೊಲದವನು ಮುಂದಿನ ಹಂಗಾಮಿಗೆ ಎರಡು ಗುಂಟೆಯಲ್ಲಿ ಧೈರ್ಯ ಮಾಡುತ್ತಾನೆ. ಸೋತರೂ ಹೋಗುವುದು ಎರಡೇ ಗುಂಟೆ.