ಶಾಮಿಯಾನದ ಬಾಡಿಗೆ ಕೊಟ್ಟವರ ಕೈಗೆ ಮೈಕು

ತಾಲ್ಲೂಕು ಕೇಂದ್ರದ ಕಾಲೇಜು ಮೈದಾನದಲ್ಲಿ ನಡೆಯುವ ಇಂದಿನ ಚುನಾವಣಾ ಸಭೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವರು ಬಹುತೇಕ ಅಭ್ಯರ್ಥಿಯೇ. ಹೆಲಿಕಾಪ್ಟರ್ ಇಳಿಯುವವರೆಗೆ ಜನ ಎದ್ದು ಹೋಗದಂತೆ ನಾಲ್ಕು ಮಾತು ಆಡಬೇಕು, ನಾಯಕರು ಬಂದ ಮೇಲೆ ಪಕ್ಕದಲ್ಲಿ ನಿಂತು ಕೈ ಎತ್ತಿಸಿಕೊಳ್ಳಬೇಕು. ಕುಡಿಯುವ ನೀರು, ಬಗರ್‌ಹುಕುಂ ಅರ್ಜಿ, ಬಸ್ ಡಿಪೊಗಳ ಬಗ್ಗೆ ಊರಿಗೆ ಉತ್ತರ ಹೇಳಬೇಕಾದವರು ತಮ್ಮೂರಲ್ಲೇ ಅತಿಥಿಯಂತೆ ಕೂತಿರುತ್ತಾರೆ. ಇದನ್ನು ವ್ಯಕ್ತಿಪೂಜೆ ಎಂದು ಬೈದು ಕೈತೊಳೆದುಕೊಳ್ಳಬಹುದು. ಆದರೆ ಊರಿನ ಸಭೆ ಈ ರೂಪಕ್ಕೆ ಬಂದ ದಾರಿಯನ್ನು ಹಿಡಿದು ಹಿಂದಕ್ಕೆ ನಡೆದರೆ, ಭಕ್ತಿಗಿಂತ ಖರ್ಚಿನ ಲೆಕ್ಕವೇ ಹೆಚ್ಚು ಸಿಗುತ್ತದೆ. ಸಭೆಯ ಹಣ ಯಾರದೋ ಮೈಕು ಅವರದು.

1952ರಲ್ಲಿ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಮೈಸೂರು ವಿಧಾನಸಭೆಗೆ ಗೆದ್ದು ಬಂದರು. ಅದರ ಹಿಂದಿನ ವರ್ಷ ಅದೇ ಸೀಮೆಯಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದಿತ್ತು. ‘ಒಂದು ವೋಟು, ಒಂದು ನೋಟು’ ಎಂಬ ಮಾತು ಅವರ ಹೆಸರಿನೊಂದಿಗೇ ಬೆಸೆದುಕೊಂಡಿದೆ. ಆ ನೋಟಿನಿಂದ ಪ್ರಚಾರದ ಖರ್ಚು ಹುಟ್ಟುತ್ತಿತ್ತು, ಜೊತೆಗೆ ಒಂದು ಹಕ್ಕೂ ಹುಟ್ಟುತ್ತಿತ್ತು. ಸಭೆಗೆ ದುಡ್ಡು ಕೊಟ್ಟವನು ಅಲ್ಲಿ ಬರೀ ಕೇಳುಗನಾಗಿ ಕೂರಬೇಕಾಗಿಲ್ಲ, ಎದ್ದು ಪ್ರಶ್ನೆ ಹಾಕಬಹುದು. ದುಡ್ಡು ಪಡೆದ ಅಭ್ಯರ್ಥಿ ಉತ್ತರ ಹೇಳಲೇಬೇಕು.

ಈ ಸಂಬಂಧ ಸಡಿಲಾಗುವುದರಲ್ಲಿ ಕಾನೂನಿನ ಪಾಲೂ ದೊಡ್ಡದು. ಅಭ್ಯರ್ಥಿಯ ಖರ್ಚಿಗೆ ಮಿತಿ ಮೊದಲಿನಿಂದ ಇತ್ತು. ಅಭ್ಯರ್ಥಿಗಾಗಿ, ಅವರಿಗೆ ಗೊತ್ತಿದ್ದೇ ಪಕ್ಷ ಮಾಡಿದ ಖರ್ಚು ಕೂಡ ಅದೇ ಲೆಕ್ಕಕ್ಕೆ ಸೇರಬೇಕೆಂದು ಸುಪ್ರೀಂ ಕೋರ್ಟ್ 1974ರ ಅಕ್ಟೋಬರಿನಲ್ಲಿ ಕನ್ವರ್‌ಲಾಲ್ ಗುಪ್ತ ಪ್ರಕರಣದಲ್ಲಿ ಹೇಳಿತು. ಅದೇ ತಿಂಗಳು ಸುಗ್ರೀವಾಜ್ಞೆ ಹೊರಬಿತ್ತು, ಪಕ್ಷದ ಖರ್ಚು ಲೆಕ್ಕದಿಂದ ಹೊರಗುಳಿಯಿತು. 2003ರ ತಿದ್ದುಪಡಿ ಈ ಕಿಂಡಿಯನ್ನು ಕಿರಿದಾಗಿಸಿತಾದರೂ ಮುಚ್ಚಲಿಲ್ಲ. ಮಾನ್ಯತೆ ಪಡೆದ ಪಕ್ಷವೊಂದು ಹೆಸರಿಸುವ 40 ತಾರಾ ಪ್ರಚಾರಕರ ಓಡಾಟದ ವೆಚ್ಚ ಅಭ್ಯರ್ಥಿಯ ತಲೆಗೆ ಬರುವುದಿಲ್ಲ. ಇಂದು ಕರ್ನಾಟಕದಲ್ಲಿ ವಿಧಾನಸಭಾ ಅಭ್ಯರ್ಥಿಗೆ 40 ಲಕ್ಷ ರೂಪಾಯಿ ಮಿತಿಯಿದೆ. ಪಕ್ಷಕ್ಕೆ ಮಿತಿಯೇ ಇಲ್ಲ.

ಮೈದಾನದಲ್ಲಿ ಇದರ ಪರಿಣಾಮ ಕಣ್ಣಿಗೆ ಕಾಣುತ್ತದೆ. ಕುರ್ಚಿ, ಶಾಮಿಯಾನ, ಮೈಕ್ ಸೆಟ್, ಬ್ಯಾನರ್‌ಗಳಿಗೆ ಜಿಲ್ಲಾ ಚುನಾವಣಾಧಿಕಾರಿಯ ದರಪಟ್ಟಿ ಇರುತ್ತದೆ. ವಿಡಿಯೊ ತಂಡದವರು ವೇದಿಕೆಯ ಅಳತೆ, ಕುರ್ಚಿಗಳ ಸಂಖ್ಯೆ, ನಿಂತ ವಾಹನಗಳನ್ನೆಲ್ಲ ಚಿತ್ರೀಕರಿಸುತ್ತಾರೆ. ಅದನ್ನು ನೋಡಿ ಕಚೇರಿಯಲ್ಲಿ ಪ್ರತ್ಯೇಕ ಲೆಕ್ಕ ಬರೆದು, ಅಭ್ಯರ್ಥಿ ಕೊಟ್ಟ ಲೆಕ್ಕಕ್ಕೆ ಹೋಲಿಸುತ್ತಾರೆ. ತಾರಾ ಪ್ರಚಾರಕರ ಜೊತೆ ಅಭ್ಯರ್ಥಿ ವೇದಿಕೆ ಹತ್ತಿದರೆ, ಅವರ ಫೋಟೊ ಕಂಡರೆ ಅಥವಾ ಭಾಷಣದಲ್ಲಿ ಹೆಸರು ಬಂದರೆ, ಪ್ರಯಾಣ ಬಿಟ್ಟು ಉಳಿದ ವೆಚ್ಚ ಅವರ ಖಾತೆಗೆ ಬೀಳುತ್ತದೆ. ಹಲವರು ಹತ್ತಿದರೆ ಹಂಚಿಹೋಗುತ್ತದೆ. ಹೀಗಾಗಿ ಸುತ್ತಲಿನ ಕ್ಷೇತ್ರಗಳ ಅಭ್ಯರ್ಥಿಗಳನ್ನೆಲ್ಲ ಜಿಲ್ಲಾ ಕೇಂದ್ರದ ಒಂದೇ ವೇದಿಕೆಗೆ ಕರೆಸುವುದು ಅಗ್ಗ, ತನ್ನ ಊರಿನಲ್ಲಿ ಒಬ್ಬರೇ ಸಭೆ ಮಾಡುವುದು ದುಬಾರಿ. ಇದರ ಮೇಲೆ 1996ರ ತಿದ್ದುಪಡಿ ಪ್ರಚಾರದ ಕನಿಷ್ಠ ಅವಧಿಯನ್ನು 14 ದಿನಕ್ಕೆ ಇಳಿಸಿತು. 224 ಕ್ಷೇತ್ರಗಳ ರಾಜ್ಯದಲ್ಲಿ ಅಷ್ಟು ಸಮಯದೊಳಗೆ ದೊಡ್ಡ ನಾಯಕರು ಊರೂರಿಗೆ ಬರಲಾರರು. ಆಗ ಊರೇ ಬಸ್ಸು ಹತ್ತಿ ಅವರಿದ್ದಲ್ಲಿಗೆ ಹೋಗುತ್ತದೆ, ಇಲ್ಲವೇ ರೋಡ್ ಶೋದಲ್ಲಿ ಅವರನ್ನು ಕಣ್ತುಂಬಿಕೊಂಡು ಮರಳುತ್ತದೆ.

ದೊಡ್ಡ ನಾಯಕರ ಸಭೆ ಹೊಸದೇನಲ್ಲ ಎಂದು ಯಾರಾದರೂ ಹೇಳಬಹುದು. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರನ್ನು ಸೋಲಿಸಿದಾಗ ಚಿಕ್ಕಮಗಳೂರು ದೇಶದ ಕಣ್ಣು ಸೆಳೆದಿತ್ತು. ನಿಜ, ಆದರೆ ಅಲ್ಲಿ ನಾಯಕಿಯೇ ಅಭ್ಯರ್ಥಿ. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿಯವರ ವಿರುದ್ಧ ನಿಂತ ಸುಷ್ಮಾ ಸ್ವರಾಜ್ ಕನ್ನಡದಲ್ಲೇ ಭಾಷಣ ಮಾಡಿದರು. ಸೋತರೂ, ಮತ ಕೇಳುವವರು ಊರಿಗೆ ಎಷ್ಟು ಬಾಗಬೇಕಾಗುತ್ತದೆ ಎಂಬುದನ್ನು ತೋರಿಸಿ ಹೋದರು. ಬೇರೆಯವರಿಗಾಗಿ ಮತ ಕೇಳಲು ಬಂದ ಅತಿಥಿಗೆ ಆ ಹೊರೆ ಇಲ್ಲ. ಮತದಾರರು ಹೇಗೂ ಪಕ್ಷ ನೋಡಿ ಮತ ಹಾಕುತ್ತಾರೆ, ಅಭ್ಯರ್ಥಿ ಮಾತಾಡಿ ಏನಾಗಬೇಕು ಎಂಬ ಎರಡನೇ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆದರೆ ಗೆದ್ದ ಮೇಲೆ ಆಶ್ರಯ ಮನೆಯ ಪಟ್ಟಿಗೆ, ತಾಲ್ಲೂಕು ಆಸ್ಪತ್ರೆಯ ಖಾಲಿ ಹುದ್ದೆಗೆ ಜನ ಅಲೆಯುವುದು ಶಾಸಕರ ಮನೆಗೇ. ವಾಟ್ಸ್‌ಆ್ಯಪ್ ಸಾಕು ಎನ್ನುವವರೂ ಇದ್ದಾರೆ. ಮೊಬೈಲಿಗೆ ಬಂದ ವಿಡಿಯೊವನ್ನು ತಡೆದು, ಹೋದ ಸಲ ಹೇಳಿದ ಸೇತುವೆ ಎಲ್ಲಿ ಎಂದು ಹತ್ತು ಜನರೆದುರು ಕೇಳಲಾಗದು.

ವೆಚ್ಚದ ಮಿತಿಯೇ ತಪ್ಪೆಂದು ಇದರರ್ಥವಲ್ಲ. ಅದು ಇಲ್ಲದಿದ್ದರೆ ಹಣವಿಲ್ಲದವರು ನಾಮಪತ್ರ ಹಾಕಲೂ ಹಿಂಜರಿಯುತ್ತಿದ್ದರು. ಅಭ್ಯರ್ಥಿಯನ್ನು ಕಟ್ಟಿಹಾಕಿ ಪಕ್ಷವನ್ನು ಬಿಟ್ಟುಬಿಟ್ಟದ್ದೇ ತಪ್ಪು. ಪಕ್ಷದ ವೆಚ್ಚಕ್ಕೂ ಮಿತಿ ಬರಲಿ. ಪ್ರತಿ ಹೋಬಳಿಯಲ್ಲೂ ಎಲ್ಲ ಅಭ್ಯರ್ಥಿಗಳು ಒಟ್ಟಿಗೆ ಕೂತು ಜನರಿಗೆ ಉತ್ತರಿಸುವ ಒಂದು ಸಭೆಯನ್ನು ಸರ್ಕಾರಿ ಖರ್ಚಿನಲ್ಲೇ ಏರ್ಪಡಿಸಿ, ಅದನ್ನು ಯಾರ ಲೆಕ್ಕಕ್ಕೂ ಸೇರಿಸದಿರಲಿ. ಮತಗಟ್ಟೆಗಾಗಿ ಹೇಗೂ ಬಳಸುವ ಶಾಲೆಯ ಅಂಗಳ, ಒಂದು ಮೈಕು ಇದಕ್ಕೆ ಸಾಕು. ಆ ಮೈಕಿನ ಬಾಡಿಗೆ ತೆರಿಗೆದಾರರದ್ದಾದರೆ, ಅದನ್ನು ಹಿಡಿದು ಪ್ರಶ್ನೆ ಕೇಳುವ ಹಕ್ಕೂ ಅವರದೇ.