ಸಾರಿಗೆ ಅಧ್ಯಯನದ ಪ್ರಮಾಣಪತ್ರ: ಸಾಲ ಮಾಡುವ ಮುನ್ನ ತಿಳಿಯಬೇಕಾದುದು



ದೋಣಿ ನಡೆಸಿ ಜನರನ್ನು ದಡ ಮುಟ್ಟಿಸಿದ ಅಂಬಿಗರ ಚೌಡಯ್ಯನವರ ಕಾಯಕವನ್ನು ನಾವು ಶ್ರದ್ಧೆಯಿಂದ ಸ್ಮರಿಸುತ್ತೇವೆ. ಜನರನ್ನು ಸುರಕ್ಷಿತವಾಗಿ ಸಾಗಿಸುವ ಆ ವಿದ್ಯೆ ಇಂದು ಪ್ರತ್ಯೇಕ ಶಾಸ್ತ್ರವಾಗಿ ಬೆಳೆದಿದೆ. ಸಿವಿಲ್ ಎಂಜಿನಿಯರಿಂಗ್ ಮುಗಿಸಿದ ಮಕ್ಕಳನ್ನು ಅಮೆರಿಕಕ್ಕೆ ಕಳುಹಿಸಬಯಸುವ ತಂದೆತಾಯಿಗಳು, ಅಲ್ಲಿಯ ವಿಶ್ವವಿದ್ಯಾಲಯಗಳು ಈ ಶಾಸ್ತ್ರದಲ್ಲಿ ನೀಡುವ ‘ಗ್ರ್ಯಾಜುಯೇಟ್ ಸರ್ಟಿಫಿಕೇಟ್’ ಕುರಿತು ಶ್ರೀಮಠದ ಕಚೇರಿಯಲ್ಲಿ ವಿಚಾರಿಸುವುದುಂಟು. ಹೊಲವನ್ನು ಅಡವಿಡುವ ಮುನ್ನ ಅದರ ಸ್ವರೂಪವನ್ನು ಅರಿಯುವುದು ಒಳಿತು.

ಇದು ಪದವಿಯಲ್ಲ. ಸ್ನಾತಕೋತ್ತರ ಮಟ್ಟದ ನಾಲ್ಕೈದು ವಿಷಯಗಳನ್ನು, ಸಾಮಾನ್ಯವಾಗಿ 12ರಿಂದ 15 ಕ್ರೆಡಿಟ್‌ಗಳಷ್ಟು, ಓದಿದವರಿಗೆ ಕೊಡುವ ಪ್ರಮಾಣಪತ್ರ. ಎಂ.ಎಸ್. ಪದವಿಗಾದರೋ ಸುಮಾರು 30 ಕ್ರೆಡಿಟ್‌ಗಳು ಬೇಕು. ಸಂಚಾರ ಎಂಜಿನಿಯರಿಂಗ್, ಸಾರಿಗೆ ಯೋಜನೆ, ಸಾರ್ವಜನಿಕ ಸಾರಿಗೆ, ಸಾರಿಗೆ ನೀತಿ ಮುಂತಾದವು ಓದಿನ ವಿಷಯಗಳು. ನಗರಯೋಜನೆ, ಅರ್ಥಶಾಸ್ತ್ರಗಳ ಹಿನ್ನೆಲೆಯವರಿಗೂ ಹಲವೆಡೆ ಪ್ರವೇಶವುಂಟು.

ಪ್ರವೇಶಕ್ಕೆ ಪದವಿ, ಅಂಕಪಟ್ಟಿಗಳು, ಉದ್ದೇಶಪತ್ರ ಹಾಗೂ ಟೋಫೆಲ್ ಅಥವಾ ಐಇಎಲ್‌ಟಿಎಸ್ ಅಂಕಗಳು ಬೇಕು. ಸರಾಸರಿಯಲ್ಲಿ 4ಕ್ಕೆ 3ರಷ್ಟಾದರೂ ಇರಬೇಕೆಂಬುದು ಸಾಮಾನ್ಯ ನಿಯಮ; ಓದುವಾಗಲೂ ಅದನ್ನು ಕಾಯ್ದುಕೊಳ್ಳಬೇಕು. ನಮ್ಮ ಮೂರು ವರ್ಷಗಳ ಪದವಿಯನ್ನು ಕೆಲವು ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲ.

ಮುಖ್ಯ ತೊಡಕು ಓದಿನ ನಂತರದ್ದು. ವಿದ್ಯಾರ್ಥಿ ವೀಸಾದವರು ಓದು ಮುಗಿಸಿ ಅಲ್ಲಿ ಕೆಲಸ ಮಾಡಲು ಪಡೆಯುವ ಒಪಿಟಿ ಅನುಮತಿಗೆ, ಕನಿಷ್ಠ ಒಂದು ಪೂರ್ಣ ಶೈಕ್ಷಣಿಕ ವರ್ಷ ಪೂರ್ಣಾವಧಿಯಲ್ಲಿ ಓದಿರಬೇಕು. ವಿಜ್ಞಾನ ಮತ್ತು ತಂತ್ರಜ್ಞಾನದವರಿಗೆ ದೊರೆಯುವ 24 ತಿಂಗಳ ವಿಸ್ತರಣೆಗಂತೂ ಪದವಿಯೇ ಆಧಾರ. ಬರಿಯ ಪ್ರಮಾಣಪತ್ರ ಅದಕ್ಕೆ ಸಾಲದು. ಮಧ್ಯವರ್ತಿಗಳು ಈ ಮಾತನ್ನು ಬಾಯಿಬಿಟ್ಟು ಹೇಳುವುದು ಅಪರೂಪ. ಆದುದರಿಂದ ಈ ಪ್ರಮಾಣಪತ್ರ ಈಗಾಗಲೇ ಅಲ್ಲಿ ನೌಕರಿಯಲ್ಲಿರುವವರಿಗೆ, ಇಲ್ಲವೇ ಎಂ.ಎಸ್. ಜೊತೆಗೇ ಪಡೆಯುವವರಿಗೆ ತಕ್ಕುದು. ಅದೇ ಕ್ರೆಡಿಟ್‌ಗಳನ್ನು ಪದವಿಗೂ ಎಣಿಸುವ ವಿಶ್ವವಿದ್ಯಾಲಯಗಳಿವೆ. ಅರ್ಜಿ ಹಾಕುವ ಮುನ್ನವೇ ಇದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು.

ಸಾಲದ ಭಾರ ಬೇಡವೆನ್ನುವವರಿಗೆ ನಮ್ಮಲ್ಲೇ ದಾರಿಯಿದೆ. ಗೇಟ್ ಪರೀಕ್ಷೆಯ ಅಂಕಗಳ ಆಧಾರದಲ್ಲಿ ಐಐಟಿ, ಎನ್‌ಐಟಿಗಳಲ್ಲಿ ಸಾರಿಗೆ ಎಂಜಿನಿಯರಿಂಗ್‌ನ ಎಂ.ಟೆಕ್. ಓದಬಹುದು, ಅರ್ಹರಿಗೆ ಮಾಸಿಕ ಶಿಷ್ಯವೇತನವೂ ದೊರೆಯುತ್ತದೆ. ಗೇಟ್ ಅಂಕಗಳು ಮೂರು ವರ್ಷ ಮಾನ್ಯ. ಬಿ.ಇ. ಮೂರನೆಯ ವರ್ಷದಲ್ಲಿರುವವರೂ ಈ ಪರೀಕ್ಷೆಗೆ ಕುಳಿತುಕೊಳ್ಳಬಹುದು.